ಸೇವೆ ಪಡೆಯುವವರ ಮಾತಿಗೆ ಎಷ್ಟು ತೂಕ? ಕೊಪ್ಪಳ ಸೀಮೆಯಿಂದ ಒಂದು ಸಮೀಕ್ಷೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿದ್ದಾಪುರ, ಕಾರಟಗಿ, ಗಂಗಾವತಿಯ ಬಯಲು ಭತ್ತದ ಸೀಮೆ. ಅದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿದ ಹೊಲಗಳು. ಕೆಲಸ ಮುಗಿದರೆ ಗುಳೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಈ ಎರಡು ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿಟ್ಟಿತು. ನೀರಾವರಿ ಸೀಮೆಯಲ್ಲಿ ಬಡತನದ ರೂಪ ಬೇರೆ. ಹಸಿರು ಗದ್ದೆ, ಅಕ್ಕಿ ಗಿರಣಿಗಳ ನಡುವೆಯೇ ಗುಂಟೆ ಭೂಮಿಯೂ ಇಲ್ಲದ ಕೂಲಿಯವರ ಕೇರಿಗಳಿವೆ. ಎರಡೂ ಕಡೆ ಒಂದು ಸಂಗತಿ ಮಾತ್ರ ಸಮಾನ: ಅಂಗನವಾಡಿ, ಸರ್ಕಾರಿ ದವಾಖಾನೆ, ಮಾಸಾಶನ, ಪಡಿತರಗಳ ಮೇಲೆ ಯಾರ ಬದುಕು ಹೆಚ್ಚು ನಿಂತಿದೆಯೋ, ಅವು ಹೇಗೆ ನಡೆಯಬೇಕೆಂದು ಹೇಳುವ ಜಾಗದಲ್ಲಿ ಅವರೇ ಕಡಿಮೆ ಇದ್ದಾರೆ.

ಸೇವೆ ಪಡೆಯುವವರಿಗೆ ಸೇವೆಯ ಬಗ್ಗೆ ಮಾತಾಡುವ ಅಧಿಕಾರ ಇರಬೇಕು ಎಂಬುದನ್ನು ಇಂದು ಯಾವ ಪಕ್ಷವೂ, ಯಾವ ಇಲಾಖೆಯೂ ಅಲ್ಲಗಳೆಯುವುದಿಲ್ಲ. ಜಗಳ ಅಲ್ಲಿಂದ ಮುಂದೆ ಶುರುವಾಗುತ್ತದೆ. ಎಷ್ಟು ಅಧಿಕಾರ? ಯಾವ ಹಾದಿಯಿಂದ? ಗರ್ಭಿಣಿ, ಅಂಗವಿಕಲ, ಮಾನಸಿಕ ಕಾಯಿಲೆಯವರು, ದೇವದಾಸಿ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳು, ಇವರ ಪರವಾಗಿ ಯಾರು ಮಾತಾಡಬೇಕು? ಮಾತಾಡಿದರೆ ಏನಾದರೂ ಬದಲಾಗುತ್ತದೆಯೇ? ಈ ಪ್ರಶ್ನೆಗಳಿಗೆ ಈವರೆಗೆ ಬಂದ ಉತ್ತರಗಳನ್ನು, ಅವುಗಳ ಹಿಂದಿನ ಅನುಭವವನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ಭೋರ್ ಸಮಿತಿಯಿಂದ ಗ್ರಾಮ ಆರೋಗ್ಯ ಸಮಿತಿಯವರೆಗೆ

ಸ್ವಾತಂತ್ರ್ಯದ ಹಿಂದಿನ ವರ್ಷ, 1946ರಲ್ಲಿ, ಸರ್ ಜೋಸೆಫ್ ಭೋರ್ ಸಮಿತಿ ದೇಶದ ಆರೋಗ್ಯ ವ್ಯವಸ್ಥೆಯ ನಕ್ಷೆ ಬರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಅಲ್ಲಿಂದ ಬಂದದ್ದು ಎಲ್ಲರಿಗೂ ಗೊತ್ತು. ಹಳ್ಳಿಯ ಜನರದೇ ಆರೋಗ್ಯ ಸಮಿತಿ ಇರಬೇಕೆಂದು ಅದೇ ವರದಿ ಹೇಳಿದ್ದು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಆದರೆ ಆ ಸಮಿತಿಯ ಕೆಲಸ ಸರ್ಕಾರದ ಕಾರ್ಯಕ್ರಮಕ್ಕೆ ಊರಿನ ಸಹಕಾರ ಒದಗಿಸುವುದಾಗಿತ್ತು, ಕಾರ್ಯಕ್ರಮವನ್ನು ಪ್ರಶ್ನಿಸುವುದಲ್ಲ. 1952ರ ಸಮುದಾಯ ಅಭಿವೃದ್ಧಿ ಯೋಜನೆಯೂ ಜನರನ್ನು ನೋಡಿದ್ದು ಹೀಗೆಯೇ. ಶ್ರಮದಾನಕ್ಕೆ ಕರೆ ಇತ್ತು, ಲೆಕ್ಕ ಕೇಳಲು ಇರಲಿಲ್ಲ.

1978ರ ಸೆಪ್ಟೆಂಬರಿನಲ್ಲಿ ಅಲ್ಮಾ ಅಟಾದಲ್ಲಿ ಸೇರಿದ ದೇಶಗಳು ಆರೋಗ್ಯ ಸೇವೆಯ ಯೋಜನೆಯಲ್ಲೂ ಜಾರಿಯಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕು ಮತ್ತು ಕರ್ತವ್ಯ ಎಂದು ಘೋಷಿಸಿದವು. ಅಲ್ಲಿಗೆ ಸಹಕಾರದ ಜಾಗಕ್ಕೆ ಹಕ್ಕು ಬಂತು. ಕರ್ನಾಟಕದಲ್ಲಿ ಮುಂದಿನ ದಶಕದಲ್ಲಿ ಇನ್ನೊಂದು ಕಡೆಯಿಂದ ನೆಲ ಹದವಾಗುತ್ತಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಕಟ್ಟಿದ ಪಂಚಾಯತಿ ವ್ಯವಸ್ಥೆ ದವಾಖಾನೆ, ಶಾಲೆ, ಬೋರ್‌ವೆಲ್‌ಗಳ ಮಾತನ್ನು ಜಿಲ್ಲೆಗೆ, ಮಂಡಲಕ್ಕೆ ಇಳಿಸಿತು. 1989ರಲ್ಲಿ ಶುರುವಾದ ಮಹಿಳಾ ಸಮಾಖ್ಯಾ ಕಾರ್ಯಕ್ರಮಕ್ಕೆ ಆಯ್ಕೆಯಾದ ಮೊದಲ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಹಣ ಹಂಚುವ ಯೋಜನೆಯಾಗಿರಲಿಲ್ಲ. ಬಡ, ದಲಿತ ಹೆಣ್ಣುಮಕ್ಕಳು ಸಂಘವಾಗಿ ಕೂತು ಮಾತಾಡಲಿ, ಮುಂದೇನು ಎಂಬುದನ್ನು ಅವರೇ ತೀರ್ಮಾನಿಸಲಿ ಎಂಬ ನಂಬಿಕೆಯ ಮೇಲೆ ನಿಂತಿತ್ತು. ಕೊಪ್ಪಳದ ಕಥೆಯಲ್ಲಿ ಈ ಸಂಘಗಳು ಮತ್ತೆ ಬರುತ್ತವೆ.

ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ರಾಜ್ಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರನ್ನು ಮುಂದಿಟ್ಟಿತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಊರೂರಿಗೆ ಆರೋಗ್ಯ ಸಮಿತಿ, ಆಸ್ಪತ್ರೆಗೊಂದು ಆರೋಗ್ಯ ರಕ್ಷಾ ಸಮಿತಿ, ಆಶಾ ಕಾರ್ಯಕರ್ತೆ ಬಂದರು. ಊರ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. 2013ರ ಕೇಂದ್ರ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು, ಗರ್ಭಿಣಿಯರು, ಬಾಣಂತಿಯರು, ದೀರ್ಘಕಾಲದ ರೋಗಿಗಳು, ಅಂದರೆ ಸರ್ಕಾರಿ ಸೇವೆಯನ್ನು ನಿಜವಾಗಿ ಬಳಸುವವರು, ಇರಬೇಕು ಎಂದಿತು. ಕಾಗದದ ಮೇಲೆ ಇದಕ್ಕಿಂತ ಹೆಚ್ಚೇನು ಬೇಕು? ಇಷ್ಟಿದ್ದೂ ಪ್ರಶ್ನೆ ತೀರಿಲ್ಲ ಎಂಬುದರಿಂದಲೇ ಚಿಂತಕರು ಬೇರೆ ಬೇರೆ ದಾರಿ ಹಿಡಿದರು.

ಹಕ್ಕಿನ ಪಂಥ

ಮೊದಲನೆಯವರು ಇದನ್ನು ಅಧಿಕಾರದ ಪ್ರಶ್ನೆಯಾಗಿ ನೋಡುತ್ತಾರೆ. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಕರೆದು ಕೂರಿಸಿ ಮೊದಲೇ ಆದ ತೀರ್ಮಾನಕ್ಕೆ ಒಪ್ಪಿಗೆ ಹಾಕಿಸಿಕೊಳ್ಳುವುದು. ನಡುವೆ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು. ಮೇಲಿನ ತುದಿಯಲ್ಲಿ ಜನರ ಕೈಗೇ ನಿರ್ಧಾರ. ನಮ್ಮ ಎಷ್ಟೋ ಗ್ರಾಮಸಭೆಗಳು ಯಾವ ಮೆಟ್ಟಿಲಲ್ಲಿವೆ ಎಂದು ಓದುಗರೇ ಅಳೆಯಬಹುದು.

ಈ ಪಂಥಕ್ಕೆ ಹೆಚ್ಚು ಬಲ ತಂದುಕೊಟ್ಟವರು ಅಂಗವಿಕಲರ ಚಳವಳಿಯವರು. ಕೊರತೆ ದೇಹದಲ್ಲಿಲ್ಲ, ಮೆಟ್ಟಿಲಷ್ಟೇ ಇಟ್ಟು ಇಳಿಜಾರು ಕಟ್ಟದ ಸಮಾಜದಲ್ಲಿದೆ ಎಂದು ಅವರು ವಾದಿಸಿದರು. ತಮ್ಮನ್ನು ಹೊರಗಿಟ್ಟು ತಮ್ಮ ಬಗ್ಗೆ ತೀರ್ಮಾನ ಬೇಡ ಎಂದರು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ರೂಪಿಸುವಾಗ ಅಂಗವಿಕಲರ ಸಂಘಟನೆಗಳೇ ಕೋಣೆಯೊಳಗಿದ್ದವು. ಭಾರತ ಅದನ್ನು 2007ರಲ್ಲಿ ಒಪ್ಪಿತು. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುವ 2016ರ ಕಾಯ್ದೆ ಅದರ ಫಲ. ಎಚ್‌ಐವಿಯೊಂದಿಗೆ ಬದುಕುವವರೂ ಇದೇ ಹಾದಿ ತುಳಿದರು: 1994ರ ಪ್ಯಾರಿಸ್ ಘೋಷಣೆ ಸೋಂಕಿತರನ್ನು ನೀತಿ ರೂಪಿಸುವ ಕೆಲಸದಲ್ಲಿ ಸೇರಿಸಿಕೊಳ್ಳಬೇಕೆಂದು ಸರ್ಕಾರಗಳಿಂದ ಮಾತು ಪಡೆಯಿತು.

ಹಕ್ಕಿನ ಪಂಥ ಅನ್ಯಾಯ ಎಲ್ಲಿದೆ ಎಂಬುದನ್ನು ಚೆನ್ನಾಗಿ ವಿವರಿಸುತ್ತದೆ. ಹಕ್ಕು ಇದ್ದೂ ಅದನ್ನು ಬಳಸಲಾಗದವರು ಯಾಕೆ ಅಷ್ಟೊಂದು ಎಂಬುದಕ್ಕೆ ಅದರಲ್ಲಿ ಪೂರ್ತಿ ಉತ್ತರವಿಲ್ಲ.

ಗ್ರಾಹಕನಾಗಿ ನಾಗರಿಕ

ಎರಡನೆಯ ಪಂಥ ಮಾರುಕಟ್ಟೆಯಿಂದ ಬಂದದ್ದು. ಸೇವೆ ಕೆಟ್ಟರೆ ಮನುಷ್ಯ ಒಂದೋ ಬಿಟ್ಟು ಹೋಗುತ್ತಾನೆ, ಇಲ್ಲವೇ ದನಿ ಎತ್ತುತ್ತಾನೆ ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದರು. ವಿಶ್ವಬ್ಯಾಂಕಿನ 2004ರ ವಿಶ್ವ ಅಭಿವೃದ್ಧಿ ವರದಿ ಇದನ್ನು ಬಡವರ ಸೇವೆಗಳಿಗೆ ಅನ್ವಯಿಸಿತು: ಓಟು ಹಾಕಿ, ಆಯ್ಕೆಯಾದವರ ಮೂಲಕ ಇಲಾಖೆಯನ್ನು ಬಗ್ಗಿಸುವುದು ಉದ್ದದ ದಾರಿ; ಸೇವೆ ಕೊಡುವವರನ್ನು ಜನ ನೇರವಾಗಿ ಕೇಳುವುದು ಹತ್ತಿರದ ದಾರಿ. ಕರ್ನಾಟಕದ ಸಕಾಲ ಕಾಯ್ದೆ ಈ ಯೋಚನೆಗೆ ಒಳ್ಳೆಯ ಉದಾಹರಣೆ. 2012ರ ಏಪ್ರಿಲ್‌ನಿಂದ ಜಾರಿಗೆ ಬಂದ ಅದು ಅರ್ಜಿಗೆ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ. ಮಾಸಾಶನದ ಅರ್ಜಿ ಮೇಜಿನ ಕೆಳಗೆ ಕೊಳೆಯಬಾರದು ಎಂಬ ಆಶಯ ದೊಡ್ಡದು, ಅದರಿಂದ ಅನುಕೂಲ ಆದವರೂ ಇದ್ದಾರೆ.

ಆದರೆ ದುರ್ಬಲರ ವಿಷಯದಲ್ಲಿ ಈ ಪಂಥದ ಬುಡವೇ ಅಲುಗುತ್ತದೆ. ಬಿಟ್ಟು ಹೋಗಲು ಇನ್ನೊಂದು ಅಂಗಡಿ ಇರಬೇಕು. ಯಲಬುರ್ಗಾದ ಹಳ್ಳಿಯೊಂದರ ಬಾಣಂತಿಗೆ ರಾತ್ರಿ ರಕ್ತಸ್ರಾವ ಶುರುವಾದರೆ ಆಯ್ಕೆ ಎಲ್ಲಿದೆ? ಕಾನೂನೂ ಇದನ್ನು ಬೇರೆ ಬಗೆಯಲ್ಲಿ ತೋರಿಸಿಕೊಟ್ಟಿದೆ. ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ವೈದ್ಯಕೀಯ ಸೇವೆಯನ್ನು ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಮಾತ್ರ ಅದು ಹೊರಗಿಟ್ಟಿತು. ಹಣ ಕೊಡಬಲ್ಲವರಿಗೆ ಗ್ರಾಹಕರ ವೇದಿಕೆಯ ಬಾಗಿಲು ತೆರೆಯಿತು; ಏನೂ ಕೊಡಲಾಗದೆ ಇಂಥ ಪೂರ್ತಿ ಉಚಿತ ಆಸ್ಪತ್ರೆಗಳನ್ನೇ ನಂಬಿದ ಬಡವರಿಗೆ ಅದು ಮುಚ್ಚಿಯೇ ಉಳಿಯಿತು.

ಮೊದಲು ಸಂಘ, ಆಮೇಲೆ ಸಭೆ

ಮೂರನೆಯ ಪಂಥ ಸಭೆಯ ಕುರ್ಚಿಗಿಂತ ಹಿಂದಕ್ಕೆ ಹೋಗುತ್ತದೆ. ತಲೆಮಾರುಗಳಿಂದ ಸುಮ್ಮನಿರುವುದನ್ನೇ ಕಲಿತವರು ಕರೆದ ಕೂಡಲೇ ಮಾತಾಡುವುದಿಲ್ಲ. ತಮ್ಮಂಥವರ ಜೊತೆ ಕೂತು, ತಮ್ಮ ಕಷ್ಟ ತಮ್ಮ ಹಣೆಬರಹವಲ್ಲ ಎಂದು ಕಂಡುಕೊಂಡ ಮೇಲೆ ಮಾತು ಬರುತ್ತದೆ ಎಂಬುದು ಇವರ ನಿಲುವು. ಬ್ರೆಜಿಲ್‌ನ ಪಾವ್ಲೋ ಫ್ರೇರೆ ಇದರ ಗುರು. ಮಹಿಳಾ ಸಮಾಖ್ಯಾ ಇದರ ನಮ್ಮ ನೆಲದ ರೂಪ.

ಈ ಪಂಥಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಜಾರ್ಖಂಡ್ ಮತ್ತು ಒಡಿಶಾದಲ್ಲಿ. ಏಕಜುಟ್ ಎಂಬ ಸಂಸ್ಥೆ ಆದಿವಾಸಿ ಹೆಣ್ಣುಮಕ್ಕಳ ಗುಂಪುಗಳನ್ನು ತಿಂಗಳಿಗೊಮ್ಮೆ ಸೇರಿಸಿ, ಚಿತ್ರಕಾರ್ಡು ಮತ್ತು ಕಥೆಗಳ ಮೂಲಕ ನವಜಾತ ಶಿಶುಗಳ ಸಾವಿನ ಕಾರಣಗಳನ್ನು ಅವರೇ ಚರ್ಚಿಸಿ ದಾರಿ ಹುಡುಕುವಂತೆ ಮಾಡಿತು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ವರ್ಷಗಳಲ್ಲಿ ನವಜಾತರ ಮರಣ ಪ್ರಮಾಣ, ಇಂಥ ಗುಂಪುಗಳಿಲ್ಲದ ಕಡೆಗಿಂತ ಶೇ 32ರಷ್ಟು ಕಡಿಮೆ ಇತ್ತು. ಅದಕ್ಕಿಂತ ಮುಖ್ಯವಾದದ್ದು ನಂತರದ ವಿಶ್ಲೇಷಣೆ: ಅತ್ಯಂತ ಬಡವರಲ್ಲಿ, ಅಂಚಿನವರಲ್ಲಿ ಲಾಭ ಹೆಚ್ಚು. ಸಾಮಾನ್ಯವಾಗಿ ಆರೋಗ್ಯ ಕಾರ್ಯಕ್ರಮಗಳ ಲಾಭ ಉಳ್ಳವರ ಮನೆಗೆ ಮೊದಲು ತಲುಪುತ್ತದೆ. ಇಲ್ಲಿ ಆದದ್ದು ತಿರುಗುಮುರುಗು.

ಕೊಪ್ಪಳದ ಹೆಣ್ಣುಮಕ್ಕಳು ಹೇಳಿದ್ದು

ಈ ವಾದಗಳನ್ನು ಒರೆಗೆ ಹಚ್ಚಲು ಕೊಪ್ಪಳ ಜಿಲ್ಲೆಯಷ್ಟು ಹತ್ತಿರದ ಜಾಗ ಇನ್ನೊಂದಿಲ್ಲ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಸಂಗಡಿಗರು ಮಹಿಳಾ ಸಮಾಖ್ಯಾದ ಜೊತೆಗೂಡಿ ಜಿಲ್ಲೆಯ 60 ಹಳ್ಳಿಗಳಲ್ಲಿ ಲಿಂಗ ಮತ್ತು ಆರೋಗ್ಯ ಸಮಾನತೆಯ ಯೋಜನೆ ನಡೆಸಿದರು. ಅದೇ ಸೀಮೆಯಲ್ಲಿ ಆಶಾ ಜಾರ್ಜ್ ತಾಯಂದಿರ ಮರಣದ ಬಗ್ಗೆ ಕೆಲಸ ಮಾಡಿ 2007ರಲ್ಲಿ ಪ್ರಕಟಿಸಿದರು.

ಅಲ್ಲಿಯವರೆಗೆ ಕೇಳಿಬರುತ್ತಿದ್ದ ವಿವರಣೆ ಒಂದೇ: ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ತಡವಾಗಿ ಕರೆತರುತ್ತಾರೆ, ಅದಕ್ಕೇ ಸಾವು. ಸತ್ತ ಹೆಣ್ಣುಮಕ್ಕಳ ಮನೆಯವರ ಬಾಯಿಂದಲೇ ಪ್ರತಿ ಸಾವಿನ ಕಥೆಯನ್ನು ಕೂಡಿಸಿದಾಗ ಚಿತ್ರ ಬದಲಾಯಿತು. ಮನೆಯವರು ದಾರಿ ಹುಡುಕಿದ್ದರು. ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಅಲೆದಿದ್ದರು. ಸೇವೆಗಳಿಗೆ ಒಂದರೊಡನೊಂದು ಸಂಬಂಧ ಇರಲಿಲ್ಲ, ಹೆರಿಗೆಯ ನಂತರದ ಆರೈಕೆಯನ್ನು ಕಡೆಗಣಿಸಲಾಗಿತ್ತು, ತಪ್ಪಿಗೆ ಹೊಣೆ ಹೊರುವವರು ಯಾರೂ ಇರಲಿಲ್ಲ. ಹೆರಿಗೆಯನ್ನು ಆಸ್ಪತ್ರೆಗೆ ತಂದರೆ ಸಾಕು ಎಂಬ ನೀತಿ, ತಂದ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂದು ಕೇಳಿರಲಿಲ್ಲ. ಸೇವೆ ಪಡೆಯುವವರ ಮಾತನ್ನು ಸಾಕ್ಷ್ಯವಾಗಿ ತೆಗೆದುಕೊಂಡರೆ ರೋಗದ ಮೂಲವೇ ಬೇರೆ ಕಡೆ ಕಾಣುತ್ತದೆ. ಪಾಲ್ಗೊಳ್ಳುವಿಕೆಯ ಪರವಾಗಿ ನನಗೆ ತಿಳಿದಿರುವ ಅತಿ ಬಲವಾದ ವಾದ ಇದು. ಇಲ್ಲಿ ಪ್ರಶ್ನೆ ಸೌಜನ್ಯದ್ದಲ್ಲ, ಸತ್ಯ ತಿಳಿಯುವುದರದ್ದು.

ರಾಜ್ಯದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಮರಣ 2001–03ರಲ್ಲಿ 228 ಇದ್ದದ್ದು 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ದೊಡ್ಡ ಸಾಧನೆ. ಆದರೆ ಸರಾಸರಿ ಯಾವ ಕೇರಿಯ ಕಥೆಯನ್ನೂ ಹೇಳುವುದಿಲ್ಲ. 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ, ತಾಯಿಯ ಸಾವಿನ ಪರಿಶೀಲನೆಯಲ್ಲಿ ಮನೆಯವರ ಮಾತಿಗೆ ಏನು ಜಾಗ ಎಂಬ ಪ್ರಶ್ನೆ ಮತ್ತೆ ಹಸಿಯಾಯಿತು.

ಕೊಪ್ಪಳದ ಸಂಶೋಧನೆ ಇನ್ನೊಂದು ಮುಜುಗರದ ಸಂಗತಿಯನ್ನೂ ಹೊರತಂದಿತು. ಕಾಯಿಲೆ ಬಿದ್ದಾಗ ಚಿಕಿತ್ಸೆ ಯಾರಿಗೆ ಸಿಗುತ್ತದೆ, ಯಾರದು ಅರ್ಧಕ್ಕೆ ನಿಲ್ಲುತ್ತದೆ ಎಂದು ನೋಡಿದರೆ, ಬಡ ಮನೆಯ ಹೆಣ್ಣಿಗೆ ಎಲ್ಲರಿಗಿಂತ ಕಡಿಮೆ. ಅದೇ ಬಡ ಮನೆಯ ಗಂಡಸಿಗೆ ಗಂಡಸಾಗಿರುವುದೇ ಆಸರೆ. ಹಾಗಾದರೆ ಮನೆಯ ಯಜಮಾನ ಸಮಿತಿಯಲ್ಲಿ ಕೂತರೆ ಆ ಮನೆಯ ಸೊಸೆಯ ದನಿ ಬಂದಂತೆ ಆಯಿತೇ? ‘ಬಡವರ ಪ್ರತಿನಿಧಿ’ ಎಂದು ಲೆಕ್ಕ ಹಾಕುವವರು ಮನೆಯ ಹೊಸ್ತಿಲ ಹೊರಗೇ ಎಣಿಕೆ ನಿಲ್ಲಿಸುತ್ತಾರೆ.

ಮೊಟ್ಟೆಯ ತಟ್ಟೆ

2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾಯಿತು. ಕೊಪ್ಪಳವೂ ಅವುಗಳಲ್ಲಿ ಒಂದು. ಕೆಲವು ಮಠಾಧೀಶರು ವಿರೋಧಿಸಿದರು. ಪರ ವಿರೋಧದ ಮಾತೆಲ್ಲ ದೊಡ್ಡವರದೇ: ಮಂತ್ರಿಗಳು, ಸ್ವಾಮಿಗಳು, ತಜ್ಞರು, ಪತ್ರಿಕೆಗಳು. ಆಗ ಗಂಗಾವತಿಯಲ್ಲಿ ವಿದ್ಯಾರ್ಥಿಗಳು ಪ್ರತಿಭಟನೆಗೆ ನಿಂತರು. ಒಬ್ಬ ಹುಡುಗಿ, ಮೊಟ್ಟೆ ನಮಗೆ ಬೇಕು, ಬೇಡವೆನ್ನಲು ನೀವು ಯಾರು ಎಂಬ ಅರ್ಥದಲ್ಲಿ ಆಡಿದ ಮಾತು ರಾಜ್ಯವಿಡೀ ಹರಿದಾಡಿತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳ ತೂಕ, ತಿನ್ನದ ಗದಗಿನ ಮಕ್ಕಳಿಗಿಂತ ಹೆಚ್ಚು ಏರಿದ್ದನ್ನು ತೋರಿಸಿತು. ಯೋಜನೆ ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿತು.

ತೀರ್ಮಾನ ಆದದ್ದು ಹುಡುಗಿಯ ಮಾತಿನಿಂದಲೇ ಎಂದು ನಾನು ಹೇಳುತ್ತಿಲ್ಲ. ಅಧ್ಯಯನ, ರಾಜಕೀಯ, ಹೋರಾಟ ಎಲ್ಲ ಕೂಡಿದವು. ಆದರೆ ಆ ಮಾತು ಬಂದ ಜಾಗ ಗಮನಿಸಬೇಕು. ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ಇರುವ ರಾಜ್ಯ ನಮ್ಮದು. ಹುಡುಗಿಯ ದನಿ ರಾಜ್ಯಕ್ಕೆ ಮುಟ್ಟಿದ್ದು ಅಲ್ಲಿಂದಲ್ಲ, ವಿದ್ಯಾರ್ಥಿ ಸಂಘಟನೆಯ ಪ್ರತಿಭಟನೆಯಿಂದ. ಸರ್ಕಾರ ಕರೆದು ಕೊಟ್ಟ ಜಾಗಕ್ಕೂ ಜನ ತಾವೇ ಮಾಡಿಕೊಂಡ ಜಾಗಕ್ಕೂ ವ್ಯತ್ಯಾಸವಿದೆ ಎಂದು ಜಾನ್ ಗವೆಂಟಾ, ಆಂಡ್ರಿಯಾ ಕಾರ್ನ್‌ವಾಲ್ ಮುಂತಾದವರು ಬರೆದಿದ್ದಾರೆ. ಅದನ್ನು ಓದಲು ಗಂಗಾವತಿ ಒಳ್ಳೆಯ ಪಾಠ.

ಪಟ್ಟಿಯೊಳಗೆ ಬರುವುದೇ ಮೊದಲ ಹೋರಾಟ

ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಹುಲಿಗೆಮ್ಮ ದೇವಿಯ ಸೀಮೆಯಾದ ಕೊಪ್ಪಳವೂ ಈ ಪದ್ಧತಿಯ ನೋವು ಉಂಡ ಜಿಲ್ಲೆ. 1993–94ರಲ್ಲಿ ಮತ್ತು 2007–08ರಲ್ಲಿ ನಡೆದ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ಹೆಣ್ಣುಮಕ್ಕಳನ್ನು ಗುರುತಿಸಿದವು. ಮಾಸಾಶನ, ಮನೆ, ಸಾಲ ಎಲ್ಲವೂ ಈ ಪಟ್ಟಿಗೆ ಅಂಟಿಕೊಂಡವು. ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಸೌಲಭ್ಯವಿಲ್ಲ. ಸೌಲಭ್ಯವೇ ಇಲ್ಲದವಳು ಅದು ಹೇಗಿರಬೇಕೆಂದು ಯಾವ ಸಭೆಯಲ್ಲಿ ಹೇಳಬೇಕು? ಸಮೀಕ್ಷೆಯ ದಿನ ಗುಳೆ ಹೋಗಿದ್ದವರು, ನಾಚಿಕೆಯಿಂದ ಹೇಳಿಕೊಳ್ಳದವರು, ಕಾಯ್ದೆ ಬಂದ ಮೇಲೆ ಸಮರ್ಪಿತರಾದ ಕಾರಣ ಹೇಳಿದರೆ ಮನೆಯವರ ಮೇಲೆ ಕೇಸಾಗುತ್ತದೆಂದು ಹೆದರಿದವರು ಹೊರಗುಳಿದರು. ಮರುಸಮೀಕ್ಷೆ ಆಗಬೇಕೆಂದು ದೇವದಾಸಿ ಮಹಿಳೆಯರ ವಿಮೋಚನಾ ಸಂಘ ವರ್ಷಗಟ್ಟಲೆ ಬೀದಿಗಿಳಿದದ್ದು ಇದಕ್ಕಾಗಿ.

ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಕಟ್ಟಿದ ‘ಮಾಸ್’ ಸಂಸ್ಥೆಯ ಅನುಭವ ಈ ಚರ್ಚೆಗೆ ದೊಡ್ಡ ಕೊಡುಗೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಪದ್ಧತಿಯನ್ನು ಬಿಡಿಸಲು ಪೊಲೀಸರಿಗಿಂತ, ಅದನ್ನು ಬದುಕಿದವರು ಮನೆಮನೆಗೆ ಹೋಗಿ ಆಡಿದ ಮಾತು ಹೆಚ್ಚು ಕೆಲಸ ಮಾಡಿತು. 2025ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ಹೊಸ ದೇವದಾಸಿ ಕಾನೂನಿನಲ್ಲಿ ಮಕ್ಕಳು ತಂದೆಯ ಹೆಸರು ಕೊಡಲೇಬೇಕೆಂಬ ಒತ್ತಾಯವಿಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ ಆ ಖಾಲಿ ಜಾಗದ ಮುಂದೆ ತಲೆ ತಗ್ಗಿಸಿ ನಿಂತ ಮಕ್ಕಳು ದೊಡ್ಡವರಾಗಿ, ಸಂಘಟಿತರಾಗಿ ಕೇಳಿದ ಬೇಡಿಕೆ ಇದು. ಹೊರಗಿನ ತಜ್ಞರು ಎಷ್ಟೇ ಒಳ್ಳೆಯವರಾದರೂ ಈ ಒಂದು ಕಲಮನ್ನು ಮೊದಲ ಸಾಲಿಗೆ ತರುತ್ತಿದ್ದರೇ ಎಂಬುದು ನನ್ನ ಅನುಮಾನ.

ಪಂಚಾಯತಿಯ ಮೇಜಿನಾಚೆ ಈಚೆ

ಅಂಗವಿಕಲರ ವಿಷಯದಲ್ಲಿ ಕರ್ನಾಟಕ ಮಾಡಿದ ಒಂದು ಪ್ರಯೋಗಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಗ್ರಾಮ ಪಂಚಾಯತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರು ಸ್ವತಃ ಅಂಗವಿಕಲರೇ ಆಗಿರಬೇಕು, ಸ್ಥಳೀಯರಾಗಿರಬೇಕು. ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಜನ ಇವರನ್ನು ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ಗುರುತಿನ ಚೀಟಿ, ಮಾಸಾಶನದ ಅರ್ಜಿ, ಪಂಚಾಯತಿಯ ಶೇ 5ರ ಅನುದಾನ, ಅಂಗವಿಕಲರ ಸಮನ್ವಯ ಗ್ರಾಮಸಭೆ, ಎಲ್ಲದರ ಹಿಂದೆ ಇವರ ಓಡಾಟವಿದೆ. ಇಲ್ಲಿ ಸೇವೆ ಪಡೆಯುವವರೇ ಸೇವೆ ಕೊಡುವವರ ಬದಿಗೂ ಬಂದರು. ಕೊಪ್ಪಳ–ರಾಯಚೂರು ಸೀಮೆಯಲ್ಲಿ ‘ಸಮೂಹ’ದಂಥ ಸಂಸ್ಥೆಗಳು ಸಮುದಾಯ ಆಧಾರಿತ ಪುನರ್ವಸತಿಯಲ್ಲಿ ಮಾಡಿದ ಕೆಲಸವೂ ಈ ನಂಬಿಕೆಯ ಮೇಲೆಯೇ ನಿಂತದ್ದು.

ತೊಡಕೂ ಇಲ್ಲೇ ಇದೆ. ಗೌರವಧನಕ್ಕೆ ದುಡಿಯುವ, ಕಾಯಂ ಅಲ್ಲದ ಕಾರ್ಯಕರ್ತ ಪಂಚಾಯತಿಯ ತಪ್ಪನ್ನು ಪಂಚಾಯತಿಯಲ್ಲೇ ಕೂತು ಹೇಳಬಲ್ಲನೇ? ತನ್ನವರ ದನಿಯಾಗಿ ಬಂದವರನ್ನು ವ್ಯವಸ್ಥೆ ತನ್ನ ಕೊನೆಯ ಸಿಬ್ಬಂದಿಯನ್ನಾಗಿ ಮಾಡಿಕೊಳ್ಳುತ್ತದೆ. ಆಶಾ ಕಾರ್ಯಕರ್ತೆಯರಿಗೂ ಆದದ್ದು ಇದೇ.

ಮಾನಸಿಕ ಆರೋಗ್ಯದ ವಿಷಯದಲ್ಲಿ ಪ್ರಶ್ನೆ ಇನ್ನೂ ಆಳ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದು ಔಷಧವನ್ನು ಊರ ಹತ್ತಿರ ತಂದಿತು; ರೋಗಿಯ ಅಭಿಪ್ರಾಯಕ್ಕೆ ಆ ಮಾದರಿಯಲ್ಲಿ ಹೆಚ್ಚು ಜಾಗ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಕೊರತೆಯನ್ನು ತುಂಬಲು ನೋಡಿತು: ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು, ತನ್ನ ಪ್ರತಿನಿಧಿಯನ್ನು ತಾನೇ ಹೆಸರಿಸಬಹುದು. ಪರಿಶೀಲನಾ ಮಂಡಳಿಯಲ್ಲಿ ರೋಗವನ್ನು ಬದುಕಿದವರಿಗೋ, ಆರೈಕೆ ಮಾಡುವವರಿಗೋ, ಅವರ ಸಂಘಟನೆಗಳಿಗೋ ಎರಡು ಸ್ಥಾನ. ಆದರೆ ‘ರೋಗಿ ಅಥವಾ ಆರೈಕೆ ಮಾಡುವವರು’ ಎಂದು ಇಬ್ಬರನ್ನೂ ಒಂದೇ ಸಾಲಿಗೆ ತಂದದ್ದು ಸರಿಯೇ? ಹಗಲಿರುಳು ನೋಡಿಕೊಳ್ಳುವ ತಾಯಿಯ ದಣಿವು ನಿಜ. ಕೂಡಿಹಾಕಬೇಡಿ ಎನ್ನುವ ಮಗನ ಮಾತೂ ನಿಜ. ಎರಡೂ ಒಂದೇ ಮಾತಲ್ಲ.

ಸಂಶಯದ ಪಂಥ

ಈ ಎಲ್ಲದರ ವಿರುದ್ಧ ನಿಂತವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕಲಾಗದು. 2001ರಲ್ಲಿ ಬಿಲ್ ಕುಕ್ ಮತ್ತು ಉಮಾ ಕೊಠಾರಿ ಸಂಪಾದಿಸಿದ ಪುಸ್ತಕ, ಪಾಲ್ಗೊಳ್ಳುವಿಕೆಯೇ ಹೊಸ ದಬ್ಬಾಳಿಕೆಯಾಗುತ್ತಿದೆಯೇ ಎಂದು ಕೇಳಿತು. ಊರಿನ ಒಳಗಿನ ಅಧಿಕಾರವನ್ನು ಮುಟ್ಟದೆ ಎಲ್ಲರನ್ನೂ ಒಂದು ಜಮಖಾನೆಯ ಮೇಲೆ ಕೂರಿಸಿದರೆ, ಉಳ್ಳವರ ಮಾತೇ ಊರಿನ ಒಮ್ಮತವಾಗಿ ದಾಖಲಾಗುತ್ತದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗಾಗಿ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮುಂದೆ ಹೈಕೋರ್ಟಿಗೂ ಹೋಯಿತು. ಹೋಟೆಲಿನ ಚಹಾ, ಕ್ಷೌರದಂಗಡಿಯ ಕುರ್ಚಿಯೇ ಜಗಳದ ವಿಷಯವಾಗುವ ಊರಿನಲ್ಲಿ ಸಮಿತಿಯ ಕುರ್ಚಿ ತಾನಾಗಿ ಸಮಾನವಾಗಿರುತ್ತದೆ ಎಂದು ನಂಬುವುದು ಹೇಗೆ?

ಅಂಕಿ ಅಂಶದ ಸಾಕ್ಷ್ಯವೂ ಒಂದೇ ದಿಕ್ಕಿಗೆ ಇಲ್ಲ. ಉಗಾಂಡಾದ 50 ಸಮುದಾಯಗಳಲ್ಲಿ ಜನರಿಗೆ ತಮ್ಮ ಆರೋಗ್ಯ ಕೇಂದ್ರದ ಸ್ಥಿತಿಗತಿ ತಿಳಿಸಿ, ಸಿಬ್ಬಂದಿಯ ಜೊತೆ ಕೂರಿಸಿ ನಿಗಾ ಇಡಿಸಿದಾಗ ಐದು ವರ್ಷದೊಳಗಿನ ಮಕ್ಕಳ ಮರಣ ಶೇ 33ರಷ್ಟು ಇಳಿಯಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಜಗತ್ತೆಲ್ಲ ಅದನ್ನು ಎತ್ತಿ ಆಡಿತು. ಮುಂದೆ ಅದೇ ದೇಶದಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಮತ್ತೆ ಮಾಡಿದಾಗ ಅಂಥ ಫಲ ಕಾಣಲಿಲ್ಲ. ಬ್ರೆಜಿಲ್ 1990ರ ಕಾನೂನಿನಿಂದ ಆರೋಗ್ಯ ಮಂಡಳಿಗಳಲ್ಲಿ ಅರ್ಧ ಸ್ಥಾನವನ್ನು ಸೇವೆ ಬಳಸುವವರಿಗೇ ಕೊಟ್ಟಿದೆ. ಮಂಡಳಿಗಳು ಚುರುಕಾದದ್ದು ಹಿಂದೆ ಚಳವಳಿ ಇದ್ದ ಊರುಗಳಲ್ಲಿ. ಜೊನಾಥನ್ ಫಾಕ್ಸ್ 2015ರ ವಿಮರ್ಶೆಯಲ್ಲಿ ಇದನ್ನೆಲ್ಲ ಕೂಡಿಸಿ ಹೇಳಿದ್ದು ನನಗೆ ಒಪ್ಪಿಗೆ: ಬರೀ ಮಾಹಿತಿ ಹಂಚಿ ಸಭೆ ಸೇರಿಸುವ ಬಿಡಿ ಪ್ರಯತ್ನ ಸೋಲುತ್ತದೆ, ಜನರ ಸಂಘಟಿತ ದನಿಯ ಜೊತೆ, ಕೇಳಿಸಿಕೊಂಡು ಕ್ರಮ ಕೈಗೊಳ್ಳುವ ಅಧಿಕಾರವೂ ಸರ್ಕಾರದ ಕಡೆ ಇದ್ದಾಗ ಗೆಲ್ಲುತ್ತದೆ. ಕೊಪ್ಪಳದ ಅನುಭವಗಳನ್ನು ಇದರ ಪಕ್ಕ ಇಟ್ಟರೆ ಎರಡು ಷರತ್ತು ಎದ್ದು ಕಾಣುತ್ತವೆ. ಸಮಿತಿಗೆ ಬರುವ ಮೊದಲು ದುರ್ಬಲರಿಗೆ ತಮ್ಮದೇ ಸಂಘ ಇರಬೇಕು. ಸಮಿತಿಯಲ್ಲಿ ಮಾತಾಡಿದ ಮೇಲೆ ಉತ್ತರ ಕೊಡಲೇಬೇಕಾದ ಒಬ್ಬ ಅಧಿಕಾರಿ ಇರಬೇಕು. ಈಗಿನ ಮಾರ್ಗಸೂಚಿಗಳ ಶ್ರಮವೆಲ್ಲ ಇವೆರಡರ ನಡುವಿನ ಕುರ್ಚಿಗಳನ್ನು ಎಣಿಸುವುದಕ್ಕೆ ಹೋಗಿದೆ.

ಇನ್ನೂ ಇತ್ಯರ್ಥವಾಗದ್ದು

ಸಂಘ ಕಟ್ಟುವವರು ಯಾರು ಎಂಬುದು ಮೊದಲ ತೊಡಕು. ಮಹಿಳಾ ಸಮಾಖ್ಯಾಕ್ಕೆ ಕೇಂದ್ರದ ಹಣ ನಿಂತ ಮೇಲೆ ಆ ಜಾಗಕ್ಕೆ ಬಂದ ಸ್ವಸಹಾಯ ಗುಂಪುಗಳು ಉಳಿತಾಯ, ಸಾಲದ ಲೆಕ್ಕದಲ್ಲಿ ಮುಳುಗಿವೆ. ಸರ್ಕಾರವನ್ನು ಪ್ರಶ್ನಿಸುವ ಸಂಘಕ್ಕೆ ಸರ್ಕಾರವೇ ಎಷ್ಟು ಕಾಲ ಹಣ ಕೊಡುತ್ತದೆ ಎಂಬುದಕ್ಕೆ ಇದುವರೆಗಿನ ಇತಿಹಾಸ ಒಳ್ಳೆಯ ಉತ್ತರ ಕೊಟ್ಟಿಲ್ಲ.

ಗುಳೆ ಹೋದವರ ಪಾಲ್ಗೊಳ್ಳುವಿಕೆ ಹೇಗೆ ಎಂದು ಯಾವ ಪಂಥವೂ ಸರಿಯಾಗಿ ಯೋಚಿಸಿಲ್ಲ. ನಮ್ಮ ಸಮಿತಿಗಳೆಲ್ಲ ಊರಿಗೆ ಕಟ್ಟಿಕೊಂಡವು. ಕುಷ್ಟಗಿಯ ಕುಟುಂಬ ವರ್ಷದ ಅರ್ಧ ಕಾಲ ಬೆಂಗಳೂರಿನದೋ ಮಂಗಳೂರಿನದೋ ಕಟ್ಟಡದ ಪಕ್ಕದ ಶೆಡ್ಡಿನಲ್ಲಿದ್ದರೆ, ಆ ಮಗುವಿನ ಲಸಿಕೆ, ಆ ಬಸುರಿಯ ತಪಾಸಣೆಯ ಬಗ್ಗೆ ಅವರು ಯಾವ ಊರಿನ ಸಭೆಯಲ್ಲಿ ಕೇಳಬೇಕು?

ಮಾತಾಡಲಾರದವರ ಪ್ರಶ್ನೆ ಹಾಗೆಯೇ ಉಳಿದಿದೆ. ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವವರು, ಮರೆವಿನ ಕಾಯಿಲೆಯ ವೃದ್ಧರು ತಮ್ಮ ಇಷ್ಟವನ್ನು ಹೇಗೆ ತಿಳಿಸುತ್ತಾರೆ, ತಿಳಿಸಿದ್ದನ್ನು ಮನೆಯವರ ಅನುಕೂಲದಿಂದ ಹೇಗೆ ಬೇರ್ಪಡಿಸುವುದು ಎಂಬುದಕ್ಕೆ ಕಾನೂನಿನಲ್ಲಿ ಆಶಯವಿದೆ, ಹಳ್ಳಿಯ ಮಟ್ಟದಲ್ಲಿ ಪದ್ಧತಿ ಇಲ್ಲ. ಆಧಾರ್, ಮೊಬೈಲ್, ಓಟಿಪಿ ಮೂಲಕ ಕುಂದುಕೊರತೆ ದಾಖಲಿಸುವ ಹೊಸ ಹಾದಿಗಳು ದನಿಯನ್ನು ಹಿಗ್ಗಿಸುತ್ತಿವೆಯೋ, ಫೋನು ಮಗನ ಕೈಯಲ್ಲಿರುವ ಮುದುಕಿಯ ದನಿಯನ್ನು ಇನ್ನಷ್ಟು ಕುಗ್ಗಿಸುತ್ತಿವೆಯೋ ಎಂಬುದೂ ತೀರ್ಮಾನವಾಗಿಲ್ಲ. ಪಾಲ್ಗೊಳ್ಳುವಿಕೆಯಿಂದ ಆರೋಗ್ಯ ಸುಧಾರಿಸದೇ ಇದ್ದರೂ ಅದು ಬೇಕೇ ಎಂಬ ಮೂಲಭೂತ ವಾದ ಹಕ್ಕಿನ ಪಂಥಕ್ಕೂ ಫಲದ ಸಾಕ್ಷ್ಯ ಕೇಳುವವರಿಗೂ ನಡುವೆ ಇನ್ನೂ ನಡೆದೇ ಇದೆ. ಬೇಕು ಎಂಬುದು ನನ್ನ ನಿಲುವು, ಆದರೆ ಖರ್ಚು, ವೇಳೆ, ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರುವವಳ ನಷ್ಟ ಇವನ್ನು ಲೆಕ್ಕಕ್ಕೆ ಹಿಡಿಯದೆ ಹಾಗೆ ಹೇಳುವುದು ಸುಲಭದ ಮಾತಾದೀತು.

ಇಷ್ಟೆಲ್ಲ ಬಗೆಹರಿಯುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಗ್ರಾಮ ಆರೋಗ್ಯ ಸಮಿತಿಯಲ್ಲಿ, ಅಂಗವಿಕಲರ ಗ್ರಾಮಸಭೆಯಲ್ಲಿ, ಆಸ್ಪತ್ರೆಯ ರಕ್ಷಾ ಸಮಿತಿಯಲ್ಲಿ ಎತ್ತಿದ ಪ್ರತಿ ಪ್ರಶ್ನೆಗೆ ಮುಂದಿನ ಸಭೆಯೊಳಗೆ ಬರಹದಲ್ಲಿ ಉತ್ತರ ಕೊಟ್ಟು, ಅದನ್ನು ಓದಿ ಹೇಳಿ, ಪಂಚಾಯತಿಯ ಫಲಕದಲ್ಲಿ ಹಚ್ಚಲಿ. ಸಭೆಗೆ ಬಂದ ಕೂಲಿಕಾರರಿಗೆ ಆ ದಿನದ ಕೂಲಿ ಕೊಡಲಿ. ಸಿದ್ದಾಪುರ ಹೋಬಳಿಯ ಪಂಚಾಯತಿಗಳಿಂದಲೇ ಇದು ಶುರುವಾಗಬಹುದು. ತಮ್ಮ ಊರಿನ ಮುಂದಿನ ಸಭೆ ಯಾವಾಗ ಎಂದು ಓದುಗರು ಮೊದಲು ವಿಚಾರಿಸಲಿ.